ಕಡ್ಡಿಯ ತುದಿಯ ಎಣ್ಣೆ

ಎತ್ತಿನ ಗಾಡಿಯೇ ನಮ್ಮ ನಾಡಿನ ಮುಖ್ಯ ವಾಹನವಾಗಿದ್ದ ಕಾಲದಲ್ಲಿ, ದೂರದ ಪಯಣಕ್ಕೆ ಹೊರಡುವ ಗಾಡಿಯ ಜೊತೆಯಲ್ಲಿ ಕೀಲೆಣ್ಣೆಯೂ ಹೊರಡುತ್ತಿತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ ಮಾಡಿದ ಆ ಕಪ್ಪು ಲೇಪವನ್ನು ಅಚ್ಚಿಗೆ ಹಚ್ಚದಿದ್ದರೆ, ಗಾಲಿಯು ಊರೆಲ್ಲಕ್ಕೂ ಕೇಳುವಂತೆ ಕಿರುಗುಟ್ಟುತ್ತಿತ್ತು. ಕ್ರಮೇಣ ಅಚ್ಚು ಸವೆದು ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿತ್ತು. 1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಹಾರಿದ ಅನೇಕ ವಿಮಾನಗಳ ಇಂಜಿನ್ನುಗಳಿಗೂ ಇದೇ ಹರಳೆಣ್ಣೆಯೇ ಜೀವಾಳವಾಗಿತ್ತು. ನೆಲದ ಗಾಡಿಯಾಗಲಿ, ಆಕಾಶದ ವಿಮಾನವಾಗಲಿ, ಕಡಲಿನ ಹಡಗಾಗಲಿ, ಲೋಹಕ್ಕೆ ಲೋಹ ಉಜ್ಜುವೆಡೆಯಲ್ಲೆಲ್ಲ ಎಣ್ಣೆಯ ತೆಳುಪೊರೆಯೊಂದು ನಿಂತು ಕಾಯಬೇಕು.

ಬೆಂಗಳೂರಿನ ದಕ್ಷಿಣಕ್ಕಿರುವ ಉತ್ತರಹಳ್ಳಿಯು ಒಂದು ಕಾಲಕ್ಕೆ ಅಂತಹ ಗಾಡಿಗಳ ಊರು. ರಾಗಿಯ ಹೊಲಗಳು, ಆ ಹೊಲಗಳ ಅಕ್ಕಡಿ ಸಾಲುಗಳಲ್ಲಿ ಅವರೆ, ಹುಚ್ಚೆಳ್ಳು, ಹರಳಿನ ಗಿಡಗಳು. ಹತ್ತಿರದಲ್ಲಿ ವಸಂತಪುರದ ದೇವಾಲಯ, ಇನ್ನೊಂದು ಕಡೆಗೆ ತುರಹಳ್ಳಿಯ ಕಾಡು. ನಗರವು ಬೆಳೆಯುತ್ತ ಬಂದು ಈ ಊರನ್ನೂ ತನ್ನೊಳಗೆ ಸೇರಿಸಿಕೊಂಡಿತು. ಹೊಲಗಳ ಜಾಗದಲ್ಲಿ ಬಡಾವಣೆಗಳು ಎದ್ದವು. ಗಾಡಿಗಳು ಓಡಾಡುತ್ತಿದ್ದ ದಾರಿಯಲ್ಲಿ ಬಸ್ಸು, ಆಟೋ, ಸ್ಕೂಟರುಗಳು ಸಾಲುಗಟ್ಟಿದವು. ಕೀಲೆಣ್ಣೆ ಮರೆಯಾಯಿತು, ಅದರ ಕೆಲಸ ಮಾತ್ರ ಉಳಿಯಿತು.

ಈ ಊರಿನ ಒಂದು ಪಕ್ಕದ ರಸ್ತೆಯಲ್ಲಿ, ತಗಡಿನ ಚಾವಣಿಯ ಒಂದು ಗ್ಯಾರೇಜು. ಅದರ ಯಜಮಾನನನ್ನು ಎಲ್ಲರೂ 'ಮೇಸ್ತ್ರಿ' ಎಂದೇ ಕರೆಯುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು, ಮಾತು ಕಡಿಮೆ. ಅವನದೊಂದು ವಿಚಿತ್ರ ಅಭ್ಯಾಸವಿತ್ತು. ಯಾವ ವಾಹನದ ಎಣ್ಣೆಯನ್ನು ಬದಲಿಸುವಾಗಲೂ, ಹೊರಗೆ ಬಂದ ಹಳೆಯ ಎಣ್ಣೆಯನ್ನು ಅವನು ಕೂಡಲೇ ಆಚೆಗಿಡುತ್ತಿರಲಿಲ್ಲ. ಕಡ್ಡಿಯ ತುದಿಯಲ್ಲಿ ಒಂದು ತೊಟ್ಟನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು, ಎರಡು ಬೆರಳುಗಳ ನಡುವೆ ತಿಕ್ಕಿ, ಮೂಸಿ ನೋಡುತ್ತಿದ್ದನು. ಕೆಲಸ ಕಲಿಯಲು ಹೊಸದಾಗಿ ಸೇರಿದ್ದ ಹುಡುಗನಿಗೆ ಇದನ್ನು ಕಂಡು ನಗು ಬರುತ್ತಿತ್ತು.

"ಎಸೆಯುವ ಎಣ್ಣೆಯನ್ನು ಇಷ್ಟು ಹೊತ್ತು ಯಾಕೆ ನೋಡ್ತೀರಿ ಮೇಸ್ತ್ರೀ? ನೋಡಬೇಕಾದ್ದು ಹೊಸ ಎಣ್ಣೆಯನ್ನಲ್ಲವೇ?" ಎಂದು ಅವನು ಒಂದು ದಿನ ಕೇಳಿಯೇ ಬಿಟ್ಟನು.

"ಹೊಸ ಎಣ್ಣೆಗೆ ಹೇಳಲಿಕ್ಕೆ ಏನೂ ಇಲ್ಲ ಮಾರಾಯ. ಇಂಜಿನ್ನಿನ ಒಳಗೆ ಇದ್ದು ಬಂದದ್ದು ಹಳೆಯದು" ಎಂದನು ಮೇಸ್ತ್ರಿ.

ಆ ಮಾತಿನ ಅರ್ಥ ಹುಡುಗನಿಗೆ ತಿಳಿದದ್ದು ಒಂದು ಮಳೆಗಾಲದ ಬೆಳಿಗ್ಗೆ. ಹಿಂದಿನ ರಾತ್ರಿ ಭಾರಿ ಮಳೆ ಸುರಿದು ತಗ್ಗಿನ ರಸ್ತೆಗಳಲ್ಲಿ ನೀರು ನಿಂತಿತ್ತು. ಆಟೋ ಚಾಲಕನೊಬ್ಬನು ತನ್ನ ವಾಹನವನ್ನು ತಳ್ಳಿಕೊಂಡು ಬಂದನು. ರಾತ್ರಿಯೆಲ್ಲ ಅದು ಸೀಟಿನವರೆಗೆ ನೀರಿನಲ್ಲಿ ಮುಳುಗಿತ್ತು. "ಒಂದು ಸಲ ಸ್ಟಾರ್ಟ್ ಮಾಡಿಕೊಡಿ ಮೇಸ್ತ್ರೀ, ಸಾಕು. ಮಕ್ಕಳನ್ನು ಶಾಲೆಗೆ ಬಿಡುವ ಬಾಡಿಗೆ ಇದೆ. ಇವತ್ತಿನ ದುಡಿಮೆ ತಪ್ಪಿದರೆ ಸಾಲದ ಕಂತೂ ತಪ್ಪುತ್ತೆ" ಎಂದು ಅಂಗಲಾಚಿದನು. ಹುಡುಗನು ಉತ್ಸಾಹದಿಂದ ಮುಂದೆ ಹೋಗಿ ಸ್ಟಾರ್ಟ್ ಮಾಡಲು ಕೈ ಹಾಕಿದನು. ಮೇಸ್ತ್ರಿ ಅವನ ಕೈಯನ್ನು ಹಿಡಿದು ನಿಲ್ಲಿಸಿ, ಎಣ್ಣೆಯ ಕಡ್ಡಿಯನ್ನು ಹೊರಗೆ ಎಳೆದನು. ಅದರ ತುದಿಯಲ್ಲಿ ಇದ್ದದ್ದು ಕಪ್ಪು ಎಣ್ಣೆಯಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣದ, ನೊರೆನೊರೆಯಾದ ದ್ರವ.

"ನೀರು ಒಳಗೆ ಹೋಗಿದೆ. ಈಗ ಇಂಜಿನ್ ತಿರುಗಬಾರದು" ಎಂದನು ಮೇಸ್ತ್ರಿ. ಚಾಲಕನ ಮುಖ ಬಾಡಿತು. ಆಗ ಮೇಸ್ತ್ರಿ, ಕೆಳಗಿನ ಬೋಲ್ಟನ್ನು ಸಡಿಲಿಸುತ್ತಲೇ, ಯಾರಿಗೂ ಹೇಳಿರದ ತನ್ನ ಹಳೆಯ ಕಥೆಯನ್ನು ಹೇಳಿದನು.

ಅವನ ಹುಟ್ಟೂರು ಕಡಲತೀರ. 1970ರ ದಶಕದ ಕೊನೆಯಲ್ಲಿ, ಈ ಹುಡುಗನಷ್ಟೇ ವಯಸ್ಸಿನವನಾಗಿದ್ದಾಗ, ಅವನು ಮಂಗಳೂರಿನ ಹಳೆಯ ಬಂದರಿನಲ್ಲಿ ಒಂದು ಮಂಜಿಯ ಮೇಲೆ ಕೆಲಸಕ್ಕೆ ಸೇರಿದ್ದನು. ಮಂಜಿಯೆಂದರೆ ಮರದ ಹಾಯಿಹಡಗು. ಗಾಳಿಯನ್ನೇ ನಂಬಿ ತಲೆತಲಾಂತರದಿಂದ ಓಡಾಡಿದ ಆ ಹಡಗುಗಳಿಗೆ ಆ ಹೊತ್ತಿಗೆ ಡೀಸೆಲ್ ಇಂಜಿನ್ನುಗಳೂ ಬಂದಿದ್ದವು. ಆದರೆ ಹಾಯಿಯನ್ನು ಯಾರೂ ಬಿಟ್ಟಿರಲಿಲ್ಲ. ಅಕ್ಕಿ, ತರಕಾರಿ, ಕಟ್ಟಡದ ಸಾಮಗ್ರಿಗಳನ್ನು ಲಕ್ಷದ್ವೀಪಕ್ಕೆ ಒಯ್ದು, ಅಲ್ಲಿಂದ ಕೊಬ್ಬರಿಯನ್ನು ತರುವುದು ಅವುಗಳ ವ್ಯಾಪಾರ. ಅಲ್ಲಿನ ಅಮಿನಿ ದ್ವೀಪವು ಮಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿದೆ. ಮುಂಗಾರು ಹಿಡಿಯುವುದರೊಳಗೆ ಕೊನೆಯ ಪಯಣವನ್ನು ಮುಗಿಸಿ ಬಂದರನ್ನು ಸೇರಬೇಕು.

ಹಡಗಿನಲ್ಲಿ ಎಣ್ಣೆ ಬದಲಿಸುವುದು ನೆಲದ ಮೇಲಿನಷ್ಟು ಸುಲಭವಲ್ಲ. ಇಂಜಿನ್ನು ಹಡಗಿನ ಹೊಟ್ಟೆಯಲ್ಲಿ, ತಳಕ್ಕೆ ಅಂಟಿಕೊಂಡಂತೆ ಕುಳಿತಿರುತ್ತದೆ. ಅದರ ಕೆಳಗೆ ತಟ್ಟೆಯಿಡಲು ಜಾಗವಿರುವುದಿಲ್ಲ. ಆದಕಾರಣ ಅಳತೆಯ ಕಡ್ಡಿಯ ರಂಧ್ರದಲ್ಲಿ ಸಣ್ಣ ಕೊಳವೆಯನ್ನು ಇಳಿಸಿ, ಕೈಪಂಪಿನಿಂದ ಹಳೆಯ ಎಣ್ಣೆಯನ್ನು ಮೇಲಕ್ಕೆ ಎಳೆಯಬೇಕು. ಮೊದಲು ಇಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಎಣ್ಣೆಯನ್ನು ಬೆಚ್ಚಗೆ ಮಾಡಬೇಕು. ಬೆಚ್ಚಗಿನ ಎಣ್ಣೆ ತೆಳುವಾಗುತ್ತದೆ, ತಳದ ಕೊಳೆಯನ್ನೂ ತನ್ನೊಡನೆ ಎತ್ತಿಕೊಂಡು ಬರುತ್ತದೆ. ಅನಂತರ ಹಳೆಯ ಫಿಲ್ಟರನ್ನು ಕಳಚಿ, ಹೊಸದರ ರಬ್ಬರ್ ಬಳೆಗೆ ಎಣ್ಣೆ ಸವರಿ ಕೂರಿಸಬೇಕು. ಹೊಸ ಎಣ್ಣೆಯನ್ನು ತುಂಬಿ, ಮತ್ತೊಮ್ಮೆ ಇಂಜಿನ್ನನ್ನು ಓಡಿಸಿ ನಿಲ್ಲಿಸಿ, ಮಟ್ಟವನ್ನು ಅಳೆಯಬೇಕು. ಅಲೆಯ ಓಲಾಟದಲ್ಲಿ, ಡೀಸೆಲ್ಲಿನ ವಾಸನೆಯಲ್ಲಿ, ಬಗ್ಗಿದ ಬೆನ್ನಿನಲ್ಲಿ ಮಾಡುವ ಈ ಕೆಲಸವು ಮೇಲೆ ಗಾಳಿಯಲ್ಲಿ ನಿಂತವರ ಕಣ್ಣಿಗೆ ಬೀಳುವುದಿಲ್ಲ.

ಆ ವರ್ಷದ ಕೊನೆಯ ಪಯಣ. ಹಿಂದಿರುಗುವ ದಿನ ಬೆಳಿಗ್ಗೆ ಹುಡುಗನು ಕಡ್ಡಿಯನ್ನು ಎಳೆದು ನೋಡಿದಾಗ, ತುದಿಯಲ್ಲಿ ಕಪ್ಪಿನ ಬದಲು ಬಿಳುಪು ಕಂಡಿತು. ಇಂಜಿನ್ನನ್ನು ತಂಪುಗೊಳಿಸಲೆಂದು ಎಳೆಯುತ್ತಿದ್ದ ಕಡಲಿನ ಉಪ್ಪುನೀರು ಎಲ್ಲಿಯೋ ಸೋರಿ ಎಣ್ಣೆಯನ್ನು ಸೇರಿತ್ತು. ಆದರೆ ಪಡುವಣದಲ್ಲಿ ಮೋಡ ಕವಿಯುತ್ತಿತ್ತು. ತಂಡೇಲರು ಎಲ್ಲರನ್ನೂ ಅವಸರಪಡಿಸುತ್ತಿದ್ದರು. ಹೇಳಿದರೆ ಬೈಗುಳ ತಿನ್ನಬೇಕಾದೀತೆಂದು ಹೆದರಿ, ಅವನು ಕಡ್ಡಿಯನ್ನು ಚಿಂದಿಯಿಂದ ಒರೆಸಿ ಮತ್ತೆ ಒಳಗೆ ತೂರಿಸಿದನು. ಯಾರೊಡನೆಯೂ ಮಾತಾಡಲಿಲ್ಲ.

ದಡ ಕಾಣುವವರೆಗೆ ಇಂಜಿನ್ನು ಓಡಿತು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ ಅಳಿವೆಯ ಎದುರಿಗೆ, ಮರಳದಿಣ್ಣೆಗಳ ಮೇಲೆ ಅಲೆಗಳು ಒಡೆಯುತ್ತಿದ್ದ ಕಡೆಯಲ್ಲಿ, ಅದು ಒಮ್ಮೆ ಗರಗರನೆ ಕೂಗಿ ಹಿಡಿದುಕೊಂಡು ನಿಂತಿತು. ಹಡಗು ಅಡ್ಡಕ್ಕೆ ತಿರುಗಿ ದಿಣ್ಣೆಯತ್ತ ಸರಿಯತೊಡಗಿತು. ತಂಡೇಲರು ಕೂಗಿದರು, ಖಲಾಸಿಗಳು ಓಡಿ ಹಾಯಿಯನ್ನು ಬಿಚ್ಚಿದರು. ಗಾಳಿ ತುಂಬಿತು, ಚುಕ್ಕಾಣಿಗೆ ಜೀವ ಬಂದಿತು. ನೊರೆಯ ಅಂಚನ್ನು ಸವರಿಕೊಂಡು ಹಡಗು ಆಳದ ದಾರಿಯನ್ನು ಹಿಡಿಯಿತು. ಒಂಬತ್ತು ಜನರ ಪ್ರಾಣ ಉಳಿಯಿತು.

"ತಂಡೇಲರು ನನ್ನನ್ನು ಹೊಡೆಯಲಿಲ್ಲ" ಎಂದನು ಮೇಸ್ತ್ರಿ. "ಬೆಳಿಗ್ಗೆ ಕಡ್ಡಿ ನೋಡಿದ್ದೆಯಾ ಅಂತ ಮಾತ್ರ ಕೇಳಿದರು. ನೋಡಿದ್ದೆ ಎಂದೆ. ಅವರು ಮತ್ತೆ ಏನನ್ನೂ ಕೇಳಲಿಲ್ಲ. ಅದು ಈಗಲೂ ನನ್ನ ಕಿವಿಯಲ್ಲಿದೆ."

ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ. ಮೇಸ್ತ್ರಿ ಕೆಲಸವನ್ನು ಮುಂದುವರಿಸಿದನು. ನೀರು ಗಾಳಿಯಂತೆ ಕುಗ್ಗುವುದಿಲ್ಲ; ಸಿಲಿಂಡರಿನಲ್ಲಿ ನೀರಿರುವಾಗ ಬಲವಂತವಾಗಿ ತಿರುಗಿಸಿದರೆ ಒಳಗಿನ ಉಕ್ಕಿನ ತೋಳೇ ಬಾಗುತ್ತದೆ. ಅದನ್ನು ಹುಡುಗನಿಗೆ ವಿವರಿಸುತ್ತ ಅವನು ನೀರನ್ನು ಹೊರಗೆ ಹಾಕಿ, ಹೊಸ ಎಣ್ಣೆಯನ್ನು ತುಂಬಿ, ಸ್ವಲ್ಪ ಹೊತ್ತು ಓಡಿಸಿ, ಅದನ್ನೂ ಇಳಿಸಿ, ಮತ್ತೆ ತುಂಬಿದನು. ಚಾಲಕನಿಗೆ ಆ ದಿನದ ದುಡಿಮೆ ತಪ್ಪಿತು, ಇಂಜಿನ್ನು ಉಳಿಯಿತು. ಮಜೂರಿಯನ್ನು ಮೇಸ್ತ್ರಿ ಮುಂದಿನ ತಿಂಗಳಿಗೆ ಬರೆದುಕೊಂಡನು.

ಹುಡುಗನು ಹಳೆಯ ಎಣ್ಣೆಯ ತಟ್ಟೆಯನ್ನು ಎತ್ತಿಕೊಂಡು ರಸ್ತೆಯ ಚರಂಡಿಯತ್ತ ನಡೆದನು. ಮೇಸ್ತ್ರಿ ಕರೆದು, ಮೂಲೆಯ ಪೀಪಾಯಿಯನ್ನು ತೋರಿಸಿದನು. ಬೆಂಜಮಿನ್ ಫ್ರಾಂಕ್ಲಿನ್ ಎಂಬ ವಿಜ್ಞಾನಿಯು ಲಂಡನ್ನಿನ ಬಳಿಯ ಒಂದು ಕೊಳದ ಮೇಲೆ ಟೀ ಚಮಚದಷ್ಟು ಎಣ್ಣೆಯನ್ನು ಸುರಿದಾಗ, ಅದು ಹರಡುತ್ತ ಹರಡುತ್ತ ಸುಮಾರು ಅರ್ಧ ಎಕರೆಯಷ್ಟು ನೀರನ್ನು ಆವರಿಸಿತೆಂದು 1774ರಲ್ಲಿ ಪ್ರಕಟವಾದ ಅವನ ಬರಹ ತಿಳಿಸುತ್ತದೆ. ಚಮಚದಷ್ಟು ಎಣ್ಣೆಗೆ ಇಷ್ಟು ವ್ಯಾಪ್ತಿಯಿದ್ದರೆ, ತಟ್ಟೆಯ ತುಂಬ ಇರುವ ಕೊಳೆಯೆಣ್ಣೆ ಒಂದು ಕೆರೆಯನ್ನು ಏನು ಮಾಡೀತು! ಬಳಸಿದ ಎಣ್ಣೆಯನ್ನು ಅಪಾಯಕಾರಿ ತ್ಯಾಜ್ಯವೆಂದು ನಮ್ಮ ದೇಶದ 2016ರ ನಿಯಮಗಳು ಹೆಸರಿಸಿವೆ. ಅದನ್ನು ಪರವಾನಗಿಯುಳ್ಳ ಸಂಸ್ಕರಣಕಾರರಿಗೆ ಒಪ್ಪಿಸಬೇಕು. ಶುದ್ಧಗೊಳಿಸಿದರೆ ಅದೇ ಎಣ್ಣೆ ಮತ್ತೆ ಕೆಲಸಕ್ಕೆ ಬರುತ್ತದೆ. ಇಂಜಿನ್ನಿನ ಮಸಿಯನ್ನೂ ಕಾವನ್ನೂ ತಾನು ಹೊತ್ತು ಕಪ್ಪಾದ ಎಣ್ಣೆಯನ್ನು ಕೆರೆಗೆ ವಿಷವಾಗಿಸುವುದು, ದುಡಿದವನನ್ನು ಕಳ್ಳನನ್ನಾಗಿ ಮಾಡಿದಂತೆ.

ಕೆಲವು ವಾರಗಳು ಕಳೆದವು. ಒಂದು ಸಂಜೆ, ಊರಿಗೆ ಹೊರಡುವ ಅವಸರದಲ್ಲಿದ್ದ ಒಬ್ಬರು ತಮ್ಮ ವಾಹನದ ಎಣ್ಣೆ ಬದಲಿಸಲು ಬಂದರು. "ಬೇಗ ಮುಗಿಸಪ್ಪ, ರಾತ್ರಿಯೊಳಗೆ ಹಾಸನ ಸೇರಬೇಕು" ಎಂದು ಗಡಿಯಾರವನ್ನು ನೋಡುತ್ತ ನಿಂತರು. ಹುಡುಗನು ಎಣ್ಣೆಯನ್ನು ಇಳಿಸಿದನು; ಕಡ್ಡಿಯ ತುದಿಯಲ್ಲಿ ಒಂದು ತೊಟ್ಟನ್ನು ತೆಗೆದು ಬೆಳಕಿಗೆ ಹಿಡಿದನು. ಕಪ್ಪಿನ ನಡುವೆ ಲೋಹದ ಸಣ್ಣ ಪುಡಿ ಮಿನುಗುತ್ತಿತ್ತು. ಒಳಗೆ ಏನೋ ಸವೆಯುತ್ತಿದೆ. ವಾಹನದ ಒಡೆಯರು ಮತ್ತೊಮ್ಮೆ ಅವಸರಪಡಿಸಿದರು. ಹುಡುಗನ ಇನ್ನೊಂದು ಕೈಯಲ್ಲಿ ಚಿಂದಿ ಇತ್ತು.

ಅವನು ಒರೆಸಲಿಲ್ಲ. ಕಡ್ಡಿಯನ್ನು ಹಾಗೆಯೇ ಹಿಡಿದುಕೊಂಡು ಒಳಗೆ ಹೋಗಿ, "ಮೇಸ್ತ್ರೀ, ಇದನ್ನು ಸ್ವಲ್ಪ ನೋಡಿ" ಎಂದನು.