ವಾರಕ್ಕೊಂದು ದಿನ ಗುರು, ಆರು ದಿನ ತಾಯಿ

"ಮನೆಯಾಗ ಯಾರಿಗೂ ಸಂಗೀತದ ಗಂಧವಿಲ್ಲ, ಮಗಳ ಕೈಯಾಗ ಸಿತಾರ ಕೊಟ್ಟೀರಿ. ಕಲಸೋರು ಯಾರ‍್ರೀ?" ಎಂದು ನಮ್ಮ ಕಣಗಲಾದ ಓಣಿಯಲ್ಲಿ ನನ್ನನ್ನು ಕೇಳದವರಿಲ್ಲ. ಗುರುಗಳು ಕಲಿಸುತ್ತಾರೆ ಎಂದರೆ ಅದು ಅರ್ಧ ಉತ್ತರ. ಗುರುಗಳ ಪಾಠ ವಾರಕ್ಕೊಂದು ದಿನ, ಒಂದು ತಾಸು. ಅದಕ್ಕೂ ನಿಪ್ಪಾಣಿಗೆ ಬಸ್ಸು ಹಿಡಿದು ಹೋಗಬೇಕು. ಉಳಿದ ಆರು ದಿನ ಮನೆಯಲ್ಲಿ ಸಿತಾರ, ಮಗು, ತಾಯಿ ಮೂವರೇ. ಕಲಿಯುವುದೂ ಬಿಡುವುದೂ ಆ ಆರು ದಿನಗಳಲ್ಲೇ ತೀರ್ಮಾನವಾಗುತ್ತದೆ. ಸರಿಗಮ ಬಾರದ ತಾಯಿ ಆ ಆರು ದಿನ ಏನು ಮಾಡಬಹುದು? ನಾನು ಕಂಡುಕೊಂಡದ್ದನ್ನು ಅಕ್ಕತಂಗಿಯರ ಮುಂದೆ ಇಡುತ್ತಿದ್ದೇನೆ.

ಸಿತಾರವೆಂದರೆ ನಮ್ಮ ಕಡೆಯವರಿಗೆ ದೂರದ ವಸ್ತುವೇನಲ್ಲ. ಗಡಿ ದಾಟಿದರೆ ಮಿರಜ ಬಂತು. ಶಸ್ತ್ರಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು 19ನೇ ಶತಮಾನದಲ್ಲಿ ಅಲ್ಲಿ ತಂತಿವಾದ್ಯಗಳ ಕೆಲಸ ಶುರುಮಾಡಿದರು. ಇಂದಿಗೂ ಅಲ್ಲಿ ಒಣಗಿದ ಸೋರೆಬುರುಡೆ, ಕಟ್ಟಿಗೆ, ತಂತಿ ಸೇರಿಸಿ ಸಿತಾರ, ತಂಬೂರಿ ಮಾಡುತ್ತಾರೆ. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ನಮ್ಮ ಮಗಳಿಗೆ ಏಳು ತುಂಬಿದಾಗ ಅಲ್ಲಿಂದಲೇ ಸಣ್ಣ ಅಳತೆಯ ಸಿತಾರ ತಂದೆವು. ದೊಡ್ಡವರ ಸಿತಾರ ಮಗುವಿನ ತೊಡೆಯ ಮೇಲೆ ನಿಲ್ಲುವುದಿಲ್ಲ. ಮೇಲಿನ ಪರದೆಗಳಿಗೆ ಕೈಯೂ ಎಟುಕುವುದಿಲ್ಲ.

ಸಂಗೀತಗಾರರ ಮನೆಯ ಮಾತು ಬೇರೆ. ನಮ್ಮ ಧಾರವಾಡದಲ್ಲಿ ಸಿತಾರ ರತ್ನ ರಹಿಮತ್ ಖಾನರ ಮನೆತನವನ್ನೇ ನೋಡಿ. ಅವರ ಮೊಮ್ಮಗ ಉಸ್ತಾದ್ ಬಾಲೇಖಾನ್ (1942–2007) ನಾಡಿಗೆಲ್ಲ ಹೆಸರಾದ ಸಿತಾರವಾದಕರಾದರು. ಅಂಥ ಮನೆಯ ಕೂಸು ತೊಟ್ಟಿಲಲ್ಲೇ ತಂತಿಯ ನಾದ ಕೇಳುತ್ತದೆ. ನಮ್ಮ ಮನೆಯ ಕೂಸು ಕೇಳುವುದು ಕುಕ್ಕರಿನ ಸೀಟಿ!

ಆದರೆ ಕಿವಿಗೆ ಬಿದ್ದದ್ದನ್ನು ಕಲಿಯುವ ಗುಣ ಎಲ್ಲ ಮಕ್ಕಳಲ್ಲೂ ಒಂದೇ. ಜಪಾನಿನಲ್ಲಿ ಶಿನಿಚಿ ಸುಜುಕಿ (1898–1998) ಎಂಬ ಪಿಟೀಲು ಗುರುಗಳಿದ್ದರು. ಪ್ರತಿ ಮಗುವೂ ತಾಯಿನುಡಿಯನ್ನು ತಪ್ಪಿಲ್ಲದೆ ಕಲಿಯುತ್ತದೆ, ಸಂಗೀತವನ್ನೂ ಹಾಗೆಯೇ ಕಲಿಸಬಹುದು ಎಂದು ಅವರು ನಂಬಿದ್ದರು. ಮೊದಲು ಬಹಳ ಕೇಳಿಸುವುದು, ಆಮೇಲೆ ನುಡಿಸುವುದು, ಓದುವುದು ಕೊನೆಗೆ. ಮಗುವಿನ ಜೊತೆ ತಾಯಿಯೂ ಪಾಠಕ್ಕೆ ಕೂಡ್ರಬೇಕು, ಮೊದಲ ಪಾಠ ಅವಳೂ ಕಲಿಯಬೇಕು ಎಂಬುದು ಅವರ ಪದ್ಧತಿ. ಇದನ್ನು ಓದಿದಾಗ ನಮ್ಮ ಗಡಿಯ ಮಕ್ಕಳೇ ನೆನಪಾದರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಯಾರು ಕೂಡಿಸಿ ಕಲಿಸಿದರು? ಕಿವಿ ಕಲಿಸಿತು.

ಹಾಗಾಗಿ ಮನೆಯಲ್ಲಿ ಮೊದಲ ಕೆಲಸ ಕೇಳಿಸುವುದು. ಗುರುಗಳ ಅಪ್ಪಣೆ ಪಡೆದು ಅವರ ಪಾಠವನ್ನು ಮೊಬೈಲಿನಲ್ಲಿ ತುಂಬಿಕೊಂಡೆ. ಮುಂಜಾನೆ ನಾನು ರೊಟ್ಟಿ ಬಡಿಯುವಾಗ ಅದು ಸಣ್ಣಗೆ ನಡೆದಿರುತ್ತದೆ. "ಕೂತು ಕೇಳು" ಎಂದು ಮಗಳನ್ನು ಕರೆಯುವುದಿಲ್ಲ. ತಲೆ ಬಾಚಿಸಿಕೊಳ್ಳುತ್ತ, ಪಾಟಿಚೀಲ ತುಂಬುತ್ತ ತಾನಾಗಿ ಗುನುಗುತ್ತಾಳೆ.

ಎರಡನೆಯದು ಕೂಡ್ರುವ ಜಾಗ. ಚಾಪೆ, ಬೆಳಕು, ಟಿ.ವಿ. ಇಲ್ಲದ ಮೂಲೆ. ಬುರುಡೆ ಎಡಗಾಲಿನ ಅಂಗಾಲಿಗೆ ಆತುಕೊಳ್ಳಬೇಕು, ಬೆನ್ನು ನೆಟ್ಟಗಿರಬೇಕು. ಹೊತ್ತು ಹದಿನೈದು ನಿಮಿಷ ಸಾಕು, ಆದರೆ ದಿನಾ ಬೇಕು. ರವಿವಾರ ಎರಡು ತಾಸು ಬಾರಿಸಿ ವಾರವೆಲ್ಲ ಬಿಟ್ಟರೆ, ಒಂದೇ ದಿನ ಏಳು ದಿನದ ಊಟ ಉಂಡಂತೆ.

ಮೂರನೆಯದು ಬೆರಳು. ಬಲಗೈ ತೋರುಬೆರಳಿಗೆ ಹಾಕುವ ತಂತಿಯ ನಖಿಗೆ ಮಿಜರಾಬ್ ಅನ್ನುತ್ತಾರೆ. ಮಕ್ಕಳ ಅಳತೆಯದನ್ನೇ ಕೇಳಿ ತನ್ನಿ. ಸಡಿಲಾದರೆ ತಿರುಗುತ್ತದೆ, ಬಿಗಿಯಾದರೆ ಕಚ್ಚುತ್ತದೆ. ತನ್ನ ಕಡೆ ಎಳೆದರೆ 'ದಾ', ಹೊರಗೆ ಬಾರಿಸಿದರೆ 'ರಾ'. ನಾನು ರೊಟ್ಟಿ ಬಡಿಯುವ ಲಯಕ್ಕೆ ಅವಳು 'ದಾ ರಾ ದಾ ರಾ' ಅನ್ನುತ್ತ ತೀನತಾಲದ 16 ಮಾತ್ರೆ ಎಣಿಸುವುದನ್ನು ಕಲಿತಳು. ಎಡಗೈ ಬೆರಳ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿದರೆ ತಂತಿಯ ಮೇಲೆ ಸರಾಗ ಜಾರುತ್ತದೆ. ನೋವೆಂದರೆ ಅಲ್ಲಿಗೇ ನಿಲ್ಲಿಸಿ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ.

ಶ್ರುತಿ ಮಾಡುವುದು ದೊಡ್ಡವರ ಕೆಲಸ. ಮೊದಲ ತಂತಿ 'ಮ'ಕ್ಕೆ, ಎರಡನೆಯದು 'ಸ'ಕ್ಕೆ ಕೂಡ್ರಬೇಕು. ಬಿರಡೆ ಜೋರಾಗಿ ತಿರುವಿದರೆ ತಂತಿ ಹರಿದು ಮುಖಕ್ಕೆ ಹಾರೀತು, ಮಕ್ಕಳ ಕೈಗೆ ಕೊಡಬೇಡಿ. ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ತಂತಿಗೆ ಪೋಣಿಸಿದ ಮಣಿ ಸರಿಸಿದರೆ ಸರಿಹೋಗುತ್ತದೆ. ಬುರುಡೆ ಮಡಕೆಯಷ್ಟೇ ನಾಜೂಕು. ಬಿಸಿಲಿಗೂ ಮಳೆಗಾಲದ ಥಂಡಿಗೂ ಒಡ್ಡಬಾರದು, ಬಟ್ಟೆಯ ಗವಸು ಹೊಲಿದು ಹಾಕಿ.

ಇಷ್ಟೆಲ್ಲ ಮಾಡಿದರೂ ಎಂಟನೆಯ ತಿಂಗಳಿಗೆ ಮಗಳು ಬೇಸತ್ತಳು. ಒಂದು ದಿನ ಸಿತಾರವೇ ಕಾಣಲಿಲ್ಲ. ಹುಡುಕಿದರೆ ಜೋಳದ ಚೀಲದ ಹಿಂದೆ! "ನಂಗ ಬ್ಯಾಡವ್ವಾ, ಎಲ್ಲಾರೂ ಆಡ್ತಾರ, ನಾ ಒಬ್ಬಾಕಿನ ಕೂಡ್ರಬೇಕು" ಎಂದು ಅತ್ತಳು. ಯಜಮಾನರು ಮಾರಿಬಿಡೋಣ ಅಂದರು. "ಹೆಣ್ಣುಹುಡುಗಿಗೆ ಒಂದ ಹಾಡ ಬಂದ್ರ ಸಾಕಿತ್ತವಾ, ನೋಡಾಕ ಬಂದವರ ಮುಂದ ಹೇಳಾಕ" ಅಂದರು ಅತ್ತೆಯವರು.

ಆ ಮಾತು ನನಗೆ ನಾಟಿತು. ನನಗೂ ಹಾಗೆಯೇ ಹಾರ್ಮೋನಿಯಂ ಮೇಲೆ ಒಂದೇ ಒಂದು ಹಾಡು ಕಲಿಸಿದ್ದರು. ಗಂಡಿನವರು ಒಪ್ಪಿದ ದಿನವೇ ಪೆಟ್ಟಿಗೆ ಮುಚ್ಚಿತು. ಇನ್ನೊಂದು ಹಾಡು ಬೇಕೇನವ್ವಾ ಎಂದು ಯಾರೂ ಕೇಳಲಿಲ್ಲ. ಮಗಳ ಸಿತಾರ ಯಾರೋ ನೋಡಲು ಬರುವವರಿಗಾಗಿ ಅಲ್ಲ, ಅವಳಿಗಾಗಿ. ಹಾಗೆಂದು ಬೈದು, ಹೊಡೆದು ಕೂಡಿಸಿದರೆ ಅದು ಅವಳದು ಹೇಗಾದೀತು?

ಗುರುಗಳನ್ನು ಕೇಳಿದೆ. "ತಾಯಿ, ಎಂಟು ದಿನ ಮುಟ್ಟಸಬ್ಯಾಡ್ರಿ. ಕೇಳಸೋದು ಮಾತ್ರ ಬಿಡಬ್ಯಾಡ್ರಿ" ಅಂದರು. ಒಂಬತ್ತನೆಯ ದಿನ ಕೆಲಸ ಮುಗಿಸಿ ನಾನೇ ಚಾಪೆ ಹಾಸಿ ಕೂತೆ. "ನಂಗ ಕಲಸವಾ. ಸ ಎಲ್ಲಿ ಐತಿ ತೋರಸು" ಅಂದೆ. ಬಾಗಿಲಲ್ಲಿ ನಿಂತು ನೋಡಿದಳು. ನನ್ನ 'ರಾ' ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಹತ್ತಿರ ಬಂದು, "ಹಂಗಲ್ಲವ್ವಾ, ಮಣಿಕಟ್ಟು ಸಡಿಲ ಬಿಡು" ಎಂದು ನನ್ನ ಕೈ ಹಿಡಿದಳು. ಅಂದಿನಿಂದ ದಿನಾ ಹದಿನೈದು ನಿಮಿಷ ಅವಳದು, ಐದು ನಿಮಿಷ ನನ್ನದು. ಕಲಿಸುವವರು ತಪ್ಪಬಾರದಲ್ಲ! ನನಗೆ ತೋರಿಸಲಿಕ್ಕೆಂದೇ ತನ್ನ ಪಾಠ ಗಟ್ಟಿ ಮಾಡಿಕೊಂಡಳು. ಒಬ್ಬಳೇ ಕೂಡ್ರುವ ಬೇಸರವೂ ಹೋಯಿತು.

ಹಾಗೆ ಕೂತ ಮೇಲೆ ನನಗೊಂದು ಮಾತು ತಿಳಿಯಿತು. ಮಗುವಿಗೆ ತಾಯಿಯಿಂದ ಬೇಕಾದದ್ದು ರಾಗದ ಜ್ಞಾನವಲ್ಲ, ಒಲೆ ಆರಿಸಿ, ಫೋನು ದೂರವಿಟ್ಟು, ತನ್ನ ಕಡೆಗೇ ತಿರುಗಿ ಕೂತ ಆ ಹದಿನೈದು ನಿಮಿಷ. ಇದಕ್ಕೆ ಸರಿಗಮ ಬರಬೇಕೆಂದಿಲ್ಲ. "ನಿನ್ನೆಗಿಂತ ಇವತ್ತು ನಾದ ತಿಳಿಯಾತಲ್ಲ" ಎಂದು ಹೇಳುವಷ್ಟು ಕಿವಿ ಇದ್ದರೆ ಆಯಿತು.

"ಗಾಂಧರ್ವ ಪರೀಕ್ಷೆಗೆ ಯಾವಾಗ ಕೂಡಸ್ತೀರಿ?" ಎಂದು ಈಗ ಕೇಳುತ್ತಾರೆ. ಗಾಂಧರ್ವ ಮಹಾವಿದ್ಯಾಲಯ ಮಂಡಳ ಮಿರಜದ್ದೇ, 'ಪ್ರಾರಂಭಿಕ' ಪರೀಕ್ಷೆ ಗುರುಗಳು ಹೇಳಿದಾಗ ಕೊಟ್ಟರಾಯಿತು. ಮೊನ್ನೆ ಯಾರೂ ಕರೆಯದೆ ಅವಳೇ ಗವಸು ಬಿಚ್ಚಿ ಭೂಪದ ಆರೋಹ ನುಡಿಸಿದಳು. ಅತ್ತೆಯವರು ಕಾಳು ಆರಿಸುವುದನ್ನು ನಿಲ್ಲಿಸಿ, "ಇನ್ನೊಮ್ಮೆ ಬಾರಸ ತಂಗಿ" ಅಂದರು. ನಿಮ್ಮ ಮನೆಯಲ್ಲೂ ಮೂಲೆ ಸೇರಿದ ಪಿಟೀಲೋ ತಂಬೂರಿಯೋ ಇದ್ದರೆ ಧೂಳು ಒರೆಸಿ, ಮಗುವಿನ ಪಕ್ಕದಲ್ಲಿ ಒಂದು ಚಾಪೆ ನಿಮಗೂ ಹಾಸಿಕೊಳ್ಳಿ.