ಕೆಂಪು ಹಿಮ ಮತ್ತು ಎರಡು ಕಲಂ

ಎಂಟನೇ ತರಗತಿಯ ವಿಜ್ಞಾನದಲ್ಲಿ 'ಸೂಕ್ಷ್ಮಜೀವಿಗಳು: ಮಿತ್ರ ಮತ್ತು ಶತ್ರು' ಎಂಬ ಪಾಠವಿದೆ. ಬೋಧನಾಭ್ಯಾಸದಲ್ಲಿ ನನ್ನ ಪಾಲಿಗೆ ಬಂದದ್ದು ಅದು. ಪಾಠಯೋಜನೆ ಬರೆಯುವವರಿಗೆ ಇಷ್ಟು ಅನುಕೂಲದ ಶೀರ್ಷಿಕೆ ಬೇರೆ ಸಿಗದು. ಹಲಗೆಯ ನಡುವೆ ಗೆರೆ ಎಳೆದು ಒಂದು ಕಡೆ ಮೊಸರು, ಇಡ್ಲಿ ಹಿಟ್ಟು, ಇನ್ನೊಂದು ಕಡೆ ಕಾಲರಾ, ಟೈಫಾಯ್ಡ್ ಬರೆದರೆ ಅರ್ಧ ಪಾಠ ಮುಗಿದಂತೆ. ಆದರೆ ಈ ಎರಡೂ ಕಲಂ ಮನುಷ್ಯರ ಲೆಕ್ಕ. ಸೂಕ್ಷ್ಮಜೀವಿಗಳು ತಮ್ಮತಮ್ಮಲ್ಲೇ ನಡೆಸುವ ಕೊಡುಕೊಳ್ಳುವಿಕೆಗೆ ಅಲ್ಲಿ ಜಾಗವಿಲ್ಲ. ಅದಕ್ಕೇ ಮನುಷ್ಯರಿಗೆ ಸಂಬಂಧವೇ ಇಲ್ಲದಂತೆ ಕಾಣುವ ಒಂದು ಉದಾಹರಣೆಯನ್ನು ಆರಿಸಿಕೊಂಡೆ: ಕೆಂಪು ಹಿಮ.

"ಶಂಕರಪುರದ ಮಕ್ಕಳಿಗೆ ಹಿಮವಾ?" ಎಂದು ಜೊತೆಯ ಪ್ರಶಿಕ್ಷಣಾರ್ಥಿ ನಕ್ಕರು. ನ್ಯಾಯದ ಪ್ರಶ್ನೆಯೇ. ಹಾಗಾಗಿ ಮೊದಲು ತೆಂಗಿನ ಮರ ತೋರಿಸಿದೆ. ಕಾಂಡದ ಮೇಲೆ, ಮುರಕಲ್ಲಿನ ಗೋಡೆಯ ಮೇಲೆ ಕಾವಿ ಬಳಿದ ಹಾಗೆ ಕಿತ್ತಳೆ ಬಣ್ಣದ ಪದರ ಇರುತ್ತದಲ್ಲ, ಅದು ಟ್ರೆಂಟಿಪೋಲಿಯ. ಹೆಸರಿಗೆ ಹಸಿರು ಪಾಚಿ. ಒಳಗಿನ ಹಸಿರನ್ನು ಕ್ಯಾರೋಟಿನ್ ಬಣ್ಣ ಮುಚ್ಚಿರುತ್ತದೆ. ಹಿಮದ ಪಾಚಿಯೂ ಹೀಗೆಯೇ. ಅದರ ಕೆಂಪು ಅಸ್ಟಾಕ್ಸಾಂತಿನ್, ಕಡುಬಿಸಿಲಿಗೆ ಹಿಡಿದ ಕೊಡೆ. 1818ರಲ್ಲಿ ಜಾನ್ ರಾಸ್ ಅವರ ಹಡಗು ಗ್ರೀನ್‌ಲ್ಯಾಂಡಿನಲ್ಲಿ ಕೆಂಪು ಹಿಮ ಕಂಡಾಗ ಉಲ್ಕೆಯ ಕಬ್ಬಿಣವಿರಬೇಕೆಂದು ಊಹಿಸಿದವರಿದ್ದರು. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಿದ್ದಾಗಲೂ ಮೊದಲು ಉಲ್ಕೆಯ ಹೆಸರೇ ಬಂತು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಟ್ರೆಂಟಿಪೋಲಿಯದ ಬೀಜಕಣ.

ಇಷ್ಟಾದ ಮೇಲೆ ಬ್ಯಾಕ್ಟೀರಿಯಾ ತರುವುದು ಸುಲಭವಾಯಿತು. ಪಾಚಿ ಬೆಳಕಿನಿಂದ ಸಕ್ಕರೆ ತಯಾರಿಸುತ್ತದೆ, ಒಂದು ಪಾಲು ಹೊರಗೆ ಸೋರುತ್ತದೆ. ಹಿಮದಲ್ಲಿ ಬೇರೆ ಊಟ ಕಡಿಮೆ, ಬ್ಯಾಕ್ಟೀರಿಯಾ ಅದನ್ನೇ ತಿನ್ನುತ್ತವೆ. ಇನ್ನು ಹಸಿರು ಪಾಚಿ, ಕೆಂಪು ಪಾಚಿ ಯಾವುದೂ ವಿಟಮಿನ್ ಬಿ12 ತಯಾರಿಸಲಾರದು. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು 326 ಜಾತಿಯ ಪಾಚಿಗಳ ಲೆಕ್ಕ ತೆಗೆದಾಗ 171ಕ್ಕೆ ಅದು ಹೊರಗಿನಿಂದಲೇ ಬೇಕಿತ್ತು. ಕೊಡುವವು ಬ್ಯಾಕ್ಟೀರಿಯಾ.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ನಮ್ಮಲ್ಲಿ ಮಲ್ಲಿಗೆ ಬೆಳೆಯುವುದು, ಪಕ್ಕದ ಮನೆಯ ಅಕ್ಕ ಕಟ್ಟುವುದು. ಹಾಗೆಯಾ ಟೀಚರ್?"

ಹಾಗೆಯೇ ಎನ್ನುವಷ್ಟರಲ್ಲಿ ಅವಳ ಪಕ್ಕದವಳು ಕೇಳಿದಳು: "ಕಟ್ಟುವವರಿಗೆ ಚೆಂಡಿಗೆ ಇಷ್ಟು ಅಂತ ಉಂಟಲ್ಲ. ಬ್ಯಾಕ್ಟೀರಿಯಾಕ್ಕೆ ಎಷ್ಟು ಅಂತ ಹೇಳುವುದು ಯಾರು?"

ಯಾರೂ ಇಲ್ಲ. ಅಲ್ಲಿ ಕಟ್ಟೆಯೂ ಇಲ್ಲ, ದಿನದ ರೇಟೂ ಇಲ್ಲ. ಬ್ಯಾಕ್ಟೀರಿಯಾ ದಯೆಯಿಂದ ವಿಟಮಿನ್ ಹಂಚುವುದಲ್ಲ. ಸತ್ತು ಒಡೆದಾಗಲೂ ಅದು ನೀರಿಗೆ ಸೇರುತ್ತದೆ. ಸಾರಜನಕ, ರಂಜಕ ಕಡಿಮೆಯಾದರೆ ಅದೇ ಬ್ಯಾಕ್ಟೀರಿಯಾ ಪಾಚಿಯ ಜೊತೆ ಪೈಪೋಟಿಗೆ ಇಳಿಯುತ್ತವೆ. ಬೆಳಿಗ್ಗೆ ಮಿತ್ರ, ಸಂಜೆ ಶತ್ರು ಎಂದೆ. ತರಗತಿ ನಕ್ಕಿತು, ಆದರೆ ಹಲಗೆಯ ಗೆರೆಯನ್ನು ಏನು ಮಾಡುವುದೆಂದು ಯಾರಿಗೂ ಹೊಳೆಯಲಿಲ್ಲ. ಅದೇ ನನಗೆ ಬೇಕಿತ್ತು.

ಆರ್ಕ್ಟಿಕ್‌ನ 21 ಹಿಮನದಿಗಳ ಕೆಂಪು ಹಿಮವನ್ನು ಪರೀಕ್ಷಿಸಿದ 2016ರ ಅಧ್ಯಯನದ ಬಗ್ಗೆಯೂ ಹೇಳಿದೆ. ಎಲ್ಲ ಕಡೆ ಪಾಚಿಗಳು ಹೆಚ್ಚುಕಡಿಮೆ ಒಂದೇ, ಬ್ಯಾಕ್ಟೀರಿಯಾ ಮಾತ್ರ ಜಾಗದಿಂದ ಜಾಗಕ್ಕೆ ಬೇರೆ. "ಹೂವು ಒಂದೇ, ಕಟ್ಟುವವರು ಬೇರೆ" ಎಂದು ಮೊದಲಿನ ಹುಡುಗಿಯೇ ಮುಗಿಸಿದಳು. ಕರಗುವ ಋತುವಿನಲ್ಲಿ ಈ ಕೆಂಪು, ಹಿಮ ಬೆಳಕನ್ನು ಹಿಂದಕ್ಕೆ ಕಳಿಸುವ ಶಕ್ತಿಯನ್ನು 13 ಶೇಕಡಾ ತಗ್ಗಿಸುತ್ತದೆ, ಹಿಮ ಬೇಗ ಕರಗುತ್ತದೆ. ಹಾಗೆ ನೋಡಿದರೆ ಮನುಷ್ಯರಿಗೆ ಸಂಬಂಧವಿಲ್ಲ ಎಂದು ನಾನು ಆರಿಸಿಕೊಂಡ ಉದಾಹರಣೆಯಲ್ಲಿ ಮನುಷ್ಯರ ಲೆಕ್ಕವೂ ಇತ್ತು.

ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ಪುಸ್ತಕದಲ್ಲಿ 'ವಿಷಯ ಚೆನ್ನಾಗಿದೆ, ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ' ಎಂದು ಬರೆದರು. ಸಮಯ ಉಳಿಯದ್ದು ನಿಜ, ಮೌಲ್ಯಮಾಪನ ಆಗಲಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಪಾಠಯೋಜನೆಯ ಆ ಕಲಂನಲ್ಲಿ ನನ್ನ ಐದು ಪ್ರಶ್ನೆಗಳ ಕೆಳಗೆ, ಚೆಂಡಿನ ಲೆಕ್ಕ ಕೇಳಿದವಳ ಪ್ರಶ್ನೆಯನ್ನು ಆರನೆಯದಾಗಿ ಸೇರಿಸಿದ್ದೇನೆ.