ಸಾಲಿಗ್ರಾಮದ ಗದ್ದೆ, ಹೊಳೆಯಾಚೆಯ ಹೊಗೆಸೊಪ್ಪು

ಕೃಷ್ಣರಾಜನಗರದಿಂದ ಬಸ್ಸು ಹತ್ತಿ ಸಾಲಿಗ್ರಾಮಕ್ಕೆ ಬರುವ ಯಾತ್ರಿಕರು ಮೊದಲು ವಿಚಾರಿಸುವುದು ಶ್ರೀಪಾದತೀರ್ಥದ ದಾರಿಯನ್ನು. ರಾಮಾನುಜಾಚಾರ್ಯರು ಇಲ್ಲಿ ತಂಗಿದ್ದರೆಂಬುದು ಐತಿಹ್ಯ. ಕೊಳ, ಯೋಗಾನರಸಿಂಹನ ಗುಡಿ, ಜೈನ ಬಸದಿ ನೋಡಲು ಅರ್ಧ ದಿನ ಸಾಕು. ಸುತ್ತ ಕಾವೇರಿ ನಾಲೆಯ ಭತ್ತದ ಗದ್ದೆ. ಹೊಳೆ ದಾಟಿ ಹುಣಸೂರು, ಪಿರಿಯಾಪಟ್ಟಣದ ದಿಕ್ಕಿಗೆ ಹೋದರೆ ನೋಟವೇ ಬೇರೆ: ಮಳೆಯಾಶ್ರಯದ ಕೆಂಪುನೆಲ, ವರ್ಜೀನಿಯಾ ಹೊಗೆಸೊಪ್ಪು, ಹೊಲದಂಚಿನಲ್ಲಿ ಬ್ಯಾರನ್‌ಗಳು.

ವಿದ್ಯಾರ್ಥಿಗಳು ಬ್ಯಾರನ್ನಿನೊಳಗೆ ನಡೆಯುವುದನ್ನು ಗಮನಿಸಬೇಕು. ಮೊದಲು ಹದವಾದ ಶಾಖಕ್ಕೆ ಎಲೆ ಹಳದಿಯಾಗುತ್ತದೆ, ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖ ಏರಿಸಿ ಒಣಗಿಸುತ್ತಾರೆ. (ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ಮಕ್ಕಳನ್ನು ಸೊಪ್ಪು ಮುರಿಯಲು ಕರೆದೊಯ್ಯುವ ತಂದೆತಾಯಂದಿರು ಇದನ್ನು ತಿಳಿದಿರಲಿ.) ಒಣಗಿದ ಸೊಪ್ಪು ತಂಬಾಕು ಮಂಡಳಿಯ ಹರಾಜಿಗೆ, ಅಲ್ಲಿಂದ ದೊಡ್ಡ ಪಾಲು ವಿದೇಶಕ್ಕೆ. ಮಗಳ ಕಾಲೇಜು ಶುಲ್ಕಕ್ಕೆ ಹರಾಜಿನ ದರವನ್ನೇ ನೆಚ್ಚಿದ ಮನೆಗಳು ಇಲ್ಲಿ ಬೇಕಾದಷ್ಟಿವೆ.

ಸಿಗರೇಟಿನ ಪೊಟ್ಟಣದ ಮೇಲೆ ಏನು ಅಚ್ಚಾಗಬೇಕೆಂಬುದೇ ವಿದೇಶಗಳಲ್ಲಿ ದೊಡ್ಡ ವ್ಯಾಜ್ಯವಾಯಿತು. ಬಂಡವಾಳ ಹೂಡಿಕೆಯ ಅನೇಕ ಒಪ್ಪಂದಗಳಲ್ಲಿ, ಹೊರಗಿನ ಕಂಪನಿಯೊಂದು ಸರ್ಕಾರವನ್ನೇ ಅಂತರರಾಷ್ಟ್ರೀಯ ಪಂಚರ ಮುಂದೆ ನಿಲ್ಲಿಸಬಹುದು. 2011ರಲ್ಲಿ ಆಸ್ಟ್ರೇಲಿಯ ಲಾಂಛನವಿಲ್ಲದ ಪೊಟ್ಟಣದ ಕಾನೂನು ಮಾಡಿತು. ಫಿಲಿಪ್ ಮಾರಿಸ್ ಅಮೆರಿಕ ಮೂಲದ ಕಂಪನಿ. ಆದರೆ 2004ರ ಅಮೆರಿಕ–ಆಸ್ಟ್ರೇಲಿಯ ವ್ಯಾಪಾರ ಒಪ್ಪಂದದಲ್ಲಿ ಅಂಥ ದಾವೆಗೆ ದಾರಿಯಿರಲಿಲ್ಲ. ಹಾಗಾಗಿ ಅದರ ಹಾಂಗ್‌ಕಾಂಗ್ ಶಾಖೆ, 1993ರ ಹಾಂಗ್‌ಕಾಂಗ್–ಆಸ್ಟ್ರೇಲಿಯ ಒಪ್ಪಂದವನ್ನು ಹಿಡಿದು ಬಂತು. ಮಿತ್ರನ ಮನೆಗೆ ಪಕ್ಕದವನ ಹಿತ್ತಿಲಿನಿಂದ! ಇದು ಹಕ್ಕಿನ ದುರುಪಯೋಗವೆಂದು 2015ರ ಡಿಸೆಂಬರಿನಲ್ಲಿ ಪಂಚರು ದಾವೆಯನ್ನು ತಳ್ಳಿಹಾಕಿದರು. ಪುಟ್ಟ ದೇಶ ಉರುಗ್ವೆಯೂ ಇಂಥದೇ ದಾವೆಯನ್ನು 2016ರಲ್ಲಿ ಗೆದ್ದಿತು.

ದೊಡ್ಡವರ ಕೂಟದಲ್ಲೂ ಇದರ ಬಿಸಿ ತಟ್ಟಿತು. 2016ರ ಫೆಬ್ರವರಿಯಲ್ಲಿ ಅಮೆರಿಕ, ಜಪಾನ್, ಆಸ್ಟ್ರೇಲಿಯ ಸೇರಿ ಹನ್ನೆರಡು ದೇಶಗಳು ಚೀನಾ ಇಲ್ಲದ ಪೆಸಿಫಿಕ್ ಒಪ್ಪಂದಕ್ಕೆ ಸಹಿ ಹಾಕಿದಾಗ, ತಂಬಾಕು ನಿಯಂತ್ರಣದ ವಿರುದ್ಧ ಕಂಪನಿಗಳು ದಾವೆ ಹೂಡದಂತೆ ತಡೆಯುವ ಅಧಿಕಾರವನ್ನು ಸದಸ್ಯ ದೇಶಗಳಿಗೆ ಕೊಟ್ಟುಕೊಂಡವು. 2017ರ ಜನವರಿಯಲ್ಲಿ ಅಮೆರಿಕ ಹೊರನಡೆಯಿತು; ಅದು ಹೊಗೆಸೊಪ್ಪಿನ ಕಾರಣಕ್ಕಲ್ಲ. ಉಳಿದ ಹನ್ನೊಂದು ದೇಶಗಳು 2018ರ ಹೊಸ ಒಪ್ಪಂದದಲ್ಲೂ ಆ ಅಂಶವನ್ನು ಉಳಿಸಿಕೊಂಡವು.

ನಮ್ಮಲ್ಲಿ ಈ ಜಗಳ ನಡೆದದ್ದು ನಮ್ಮದೇ ನ್ಯಾಯಾಲಯಗಳಲ್ಲಿ. ಪೊಟ್ಟಣದ ಶೇ. 85 ಭಾಗ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮವನ್ನು ಕರ್ನಾಟಕ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಪಿರಿಯಾಪಟ್ಟಣದ ಹರಾಜು ಕಟ್ಟೆಗೆ ಬೇಲು ಹೊತ್ತ ಗಾಡಿಗಳು ಎಂದಿನಂತೆ ಬರುತ್ತಲೇ ಇದ್ದವು.